ಹಿಮಗಾಲದಲ್ಲಿ ಜಿಂಕೆಗಳು ಸಾಯುವುದೇಕೆ?

ಪ್ರಶ್ನೆ: ಅಮೆರಿಕದ ಮಿನೆಸೋಟ ರಾಜ್ಯದ ಉತ್ತರಭಾಗದಲ್ಲಿರುವ ಮಗಳ ಮನೆಯಲ್ಲಿ ಚಳಿಗಾಲ ಕಳೆದು ಬಂದೆವು. ಹಿತ್ತಲಿಗೆ ಬರುತ್ತಿದ್ದ ಬಿಳಿಬಾಲದ ಜಿಂಕೆಗಳು ದಿನೇ ದಿನೇ ಬಡಕಲಾಗುತ್ತಿದ್ದವು. ಅವು ಚಳಿಗೆ ಸಾಯುತ್ತವೆಯೆ? ಮುಸುಕಿನ ಜೋಳ ಹಾಕಬಹುದೆ?
– ಓದುಗರೊಬ್ಬರು, ಮೈಸೂರು

ಉತ್ತರ: ಬರಿಯ ಚಳಿಗೆ ಸಾಯುವುದು ಕಡಿಮೆ. ಟೊಳ್ಳುಗೂದಲಿನ ದಟ್ಟ ತುಪ್ಪಳವೂ ಚಳಿಗಾಲಕ್ಕೆ ಮೊದಲೇ ಕೂಡಿಟ್ಟ ಕೊಬ್ಬೂ ಇರುವವರೆಗೆ ಅವು ಕೊರೆಯುವ ಚಳಿಯನ್ನು ತಾಳಿಕೊಳ್ಳುತ್ತವೆ. ಕೊಲ್ಲುವುದು ಆಳವಾದ ಹಿಮ, ಅದೂ ಬೇಗ ಕರಗದ ಹಿಮ. ಎದೆಮಟ್ಟದ ಹಿಮದಲ್ಲಿ ಒಂದೊಂದು ಹೆಜ್ಜೆಗೂ ಶಕ್ತಿ ವ್ಯಯವಾಗುತ್ತದೆ. ಸಿಗುವ ಮೇವೋ ಸತ್ವ ಕಡಿಮೆಯಿರುವ ಕಡ್ಡಿ ಮತ್ತು ಮೊಗ್ಗು. ಆದುದರಿಂದ ಅವು ಸೂಜಿಯೆಲೆ ಮರಗಳ ಮರೆಯಲ್ಲಿ ಗುಂಪುಗೂಡಿ, ತಾವೇ ತುಳಿದು ಮಾಡಿಕೊಂಡ ಜಾಡುಗಳಲ್ಲಿ ಓಡಾಡುತ್ತಾ, ಆದಷ್ಟು ಹೊತ್ತು ಮಲಗಿ ಕೊಬ್ಬನ್ನು ಉಳಿಸಿಕೊಳ್ಳುತ್ತವೆ. ಮೈಸೂರಿನವರಾದ ನಿಮಗೆ ಗೊತ್ತಿರುವ ಬಂಡೀಪುರದ ಚುಕ್ಕೆ ಜಿಂಕೆಗಳಿಗೆ ಇಂಥ ಕಷ್ಟಕಾಲ ಬರುವುದು ಬೇಸಿಗೆಯಲ್ಲಿ.

ಮಿನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಚಳಿಗಾಲದ ಕಾಠಿಣ್ಯವನ್ನು ಅಳೆಯುವ ಕ್ರಮವೂ ಸರಳವಾಗಿದೆ: ಹಿಮ 15 ಅಂಗುಲ ಮುಟ್ಟಿದ ಪ್ರತಿ ದಿನಕ್ಕೆ ಒಂದು ಅಂಕ, ಉಷ್ಣತೆ ಸುಮಾರು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಪ್ರತಿ ದಿನಕ್ಕೆ ಇನ್ನೊಂದು. ಮೊತ್ತ 180 ದಾಟಿದರೆ ಅದು ಕಡುಚಳಿಗಾಲ. ಇವೆರಡರಲ್ಲಿ ಹಿಮದ ಅಂಕವನ್ನೇ ನಾನು ಮೊದಲು ನೋಡುತ್ತೇನೆ.

ಮೊದಲು ಸಾಯುವವು ಕೊಬ್ಬು ಕಡಿಮೆಯಿರುವ ಆ ವರ್ಷದ ಮರಿಗಳು; ಅನಂತರ ಮುದಿ ಜಿಂಕೆಗಳು ಮತ್ತು ಬೆದೆಗಾಲದಲ್ಲಿ ಸೊರಗಿದ ಗಂಡುಗಳು. ಹಿಮದಲ್ಲಿ ಸಿಕ್ಕಿಕೊಂಡವನ್ನು ತೋಳಗಳು ಸುಲಭವಾಗಿ ಹಿಡಿಯುತ್ತವೆ. ಇಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ನವೆಂಬರ್‌ನಲ್ಲಿ ಗಬ್ಬವಾದ ಹೆಣ್ಣು ಅರೆಹೊಟ್ಟೆಯಲ್ಲಿ ಚಳಿಗಾಲ ಕಳೆದರೆ, ಮೇ ಕೊನೆಯ ಹೊತ್ತಿಗೆ ಹುಟ್ಟುವ ಮರಿ ತೂಕವಿಲ್ಲದೆ ಕೆಲವೇ ದಿನಗಳಲ್ಲಿ ಸಾಯಬಹುದು. ಹೀಗಾಗಿ ಒಂದು ಚಳಿಗಾಲಕ್ಕೆ ಎರಡು ಪೀಳಿಗೆಗಳು ಬಲಿಯಾಗುತ್ತವೆ. ಅಮೆರಿಕದ ಇನ್ನೊಂದು ರಾಜ್ಯವಾದ ವಯೋಮಿಂಗ್‌ನಲ್ಲಿ 2022-23ರ ಚಳಿಗಾಲ ಎಷ್ಟು ಕ್ರೂರವಾಗಿತ್ತೆಂದರೆ, ಅಲ್ಲಿನ ಮ್ಯೂಲ್ ಎಂಬ ಬೇರೊಂದು ಜಾತಿಯ ಜಿಂಕೆಗಳ ಒಂದು ಹಿಂಡಿನಲ್ಲಿ ರೇಡಿಯೊ ಪಟ್ಟಿ ತೊಡಿಸಿದ್ದ ಮರಿಗಳಲ್ಲಿ ಒಂದೂ ಉಳಿಯಲಿಲ್ಲ.

ಇನ್ನು ಜೋಳದ ವಿಚಾರ. ದಯವಿಟ್ಟು ಹಾಕಬೇಡಿ. ಮೆಲುಕು ಹಾಕುವ ಈ ಪ್ರಾಣಿಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಕಾಲಕ್ಕೆ ಕಡ್ಡಿ ಮೇವಿಗೆ ಒಗ್ಗಿಕೊಂಡಿರುತ್ತವೆ. ಹಠಾತ್ತನೆ ಪಿಷ್ಟ ತುಂಬಿದರೆ ಆಮ್ಲ ವಿಪರೀತವಾಗಿ, ಹೊಟ್ಟೆ ತುಂಬಿದ ಜಿಂಕೆಯೇ ಸಾಯುತ್ತದೆ. ಮೇಲಾಗಿ ಒಂದೇ ಕಡೆ ಮೂತಿಯಿಡುವುದರಿಂದ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ವಾಸಿಯಾಗದ ಮೆದುಳಿನ ರೋಗ ಹರಡಬಹುದೆಂದು ಮಿನೆಸೋಟದ ಹಲವು ಕೌಂಟಿಗಳಲ್ಲಿ ಜಿಂಕೆಗಳಿಗೆ ಆಹಾರ ಹಾಕುವುದನ್ನೇ ನಿಷೇಧಿಸಲಾಗಿದೆ. ಮಗಳ ಮನೆಯಲ್ಲಿ ನಾಯಿಯಿದ್ದರೆ, ಅದು ಜಿಂಕೆಗಳನ್ನು ಅಟ್ಟದಂತೆ ಹಿಮ ಕರಗುವವರೆಗೆ ನೋಡಿಕೊಳ್ಳಲು ಹೇಳಿ.