ಬೆಂಗಳೂರಿನಲ್ಲಿ ಬಿದ್ದ ಎ320 ಮಾದರಿಯ ವಿಮಾನ ಹತ್ತಬಹುದಾ?

ಟಿಕೆಟ್‌ನಲ್ಲಿ ಏರ್‌ಬಸ್ ಎ320 ಅಂತ ಇದೆ, 1990ರಲ್ಲಿ ಬೆಂಗಳೂರಿನಲ್ಲಿ ಬಿದ್ದದ್ದು ಇದೇ ವಿಮಾನ ಅಂತ ಮನೆಯವರು ಹೆದರಿಸುತ್ತಿದ್ದಾರೆ, ಹತ್ತಬಹುದಾ ಎಂದು ಕೇಳಿದ್ದೀರಿ. ಮಾದರಿ ಅದೇ, ನಿಜ. ಆದರೂ ಧಾರಾಳವಾಗಿ ಹತ್ತಿ. ನಾನು ಪೈಲಟ್ ಅಲ್ಲ, ವಿಮಾನದ ಹುಚ್ಚು ಹಿಡಿದವನು ಅಷ್ಟೇ.

ಎ320 ಸೇವೆಗೆ ಬಂದದ್ದು 1988ರ ಏಪ್ರಿಲ್‌ನಲ್ಲಿ, ಏರ್ ಫ್ರಾನ್ಸ್‌ನಲ್ಲಿ. ಪೈಲಟ್ ಮುಂದೆ ದೊಡ್ಡ ಸ್ಟಿಯರಿಂಗ್ ಇಲ್ಲ, ಪಕ್ಕದಲ್ಲೊಂದು ಸಣ್ಣ ಕೋಲು. ಅದನ್ನು ಅಲುಗಿಸಿದರೆ ಸಂದೇಶ ಮೊದಲು ಕಂಪ್ಯೂಟರ್‌ಗೆ ಹೋಗುತ್ತದೆ. ಅದೇ ಜೂನ್‌ನಲ್ಲಿ ಫ್ರಾನ್ಸ್‌ನ ಹಬ್‌ಶೈಮ್‌ನಲ್ಲಿ ಪ್ರದರ್ಶನಕ್ಕೆಂದು ತೀರಾ ಕೆಳಗೆ ಹಾರಿಸಿದ ಎ320 ಕಾಡಿಗೆ ನುಗ್ಗಿ ಮೂವರು ಸತ್ತರು. ಅಲ್ಲಿಂದ 'ಕಂಪ್ಯೂಟರ್ ವಿಮಾನ' ಅಂದರೆ ಜನಕ್ಕೆ ಅನುಮಾನ.

ಇಂಡಿಯನ್ ಏರ್‌ಲೈನ್ಸ್ 1989ರಲ್ಲಿ ಇದನ್ನು ತರಿಸಿತು. ಬೇರೆಯವರ ಎ320ಗಳಲ್ಲಿ ಹಿಂದಿನ ಒಂದೊಂದು ಕಾಲಿಗೆ ಎರಡು ಚಕ್ರ, ನಮ್ಮವಕ್ಕೆ ನಾಲ್ಕು. ಭಾರ ಹಂಚಿಹೋಗಲಿ ಅಂತ; ನಮ್ಮ ರನ್‌ವೇಗಳ ಗಟ್ಟಿತನದ ಮೇಲೆ ಅಷ್ಟು ನಂಬಿಕೆ!

1990ರ ಫೆಬ್ರುವರಿ 14. ಬಾಂಬೆಯಿಂದ ಬಂದ ವಿಮಾನ, ಒಳಗೆ 146 ಜನ. ಮಧ್ಯಾಹ್ನ ಒಂದು ಗಂಟೆ, ಆಕಾಶ ತಿಳಿಯಾಗಿತ್ತು, ಯಂತ್ರದಲ್ಲಿ ದೋಷವಿರಲಿಲ್ಲ. ಇಳಿಯುವಾಗ ವಿಮಾನ 'ಓಪನ್ ಡಿಸೆಂಟ್' ಎಂಬ ಮೋಡ್‌ನಲ್ಲಿತ್ತು. ಆ ಮೋಡ್‌ನಲ್ಲಿ ಎಂಜಿನ್ ಐಡಲ್‌ನಲ್ಲೇ, ಅಂದರೆ ಕನಿಷ್ಠ ಶಕ್ತಿಯಲ್ಲೇ ಇರುತ್ತದೆ, ವೇಗ ಕಾಯುವ ಕೆಲಸ ಮಾಡುವುದಿಲ್ಲ. ಅದರಿಂದ ಹೊರಬರುವ ಒಂದು ದಾರಿ ಅಂದರೆ ಇಬ್ಬರು ಪೈಲಟ್‌ಗಳ ಫ್ಲೈಟ್ ಡೈರೆಕ್ಟರ್‌ಗಳೂ (ಹೇಗೆ ಹಾರಿಸಬೇಕೆಂದು ಪರದೆಯಲ್ಲಿ ತೋರುವ ವ್ಯವಸ್ಥೆ) ಆಫ್ ಆಗುವುದು. ಒಂದು ಆಫ್ ಆಯಿತು, ಇನ್ನೊಂದು ಹಾಗೇ ಉಳಿಯಿತು. ಈ ವಿಮಾನದಲ್ಲಿ ಕಂಪ್ಯೂಟರ್ ಎಂಜಿನ್ ಶಕ್ತಿ ಏರಿಸಿದರೂ ಇಳಿಸಿದರೂ ಥ್ರಸ್ಟ್ ಲಿವರ್ (ಎಂಜಿನ್ ಶಕ್ತಿಯ ಹಿಡಿಕೆ) ಮಾತ್ರ ನಿಂತಲ್ಲೇ ನಿಂತಿರುತ್ತದೆ, ಹಾಗಾಗಿ ಕೈಗೆ ಏನೂ ತಿಳಿಯುವುದಿಲ್ಲ. ಗಂಟೆಗೆ 245 ಕಿ.ಮೀ. ಆಸುಪಾಸು ಇರಬೇಕಾದ ವೇಗ 200ಕ್ಕೆ ಕುಸಿಯಿತು. ಕೊನೆಗೆ ವಿಮಾನ ತಾನಾಗಿಯೇ ಪೂರ್ತಿ ಶಕ್ತಿ ಕೇಳಿತು. ಆದರೆ ಐಡಲ್‌ನಲ್ಲಿದ್ದ ಜೆಟ್ ಎಂಜಿನ್ ಮೇಲೇಳಲು ಕೆಲವು ಸೆಕೆಂಡ್ ಬೇಕು. ಅಷ್ಟು ಹೊತ್ತೇ ಇರಲಿಲ್ಲ. ಎಚ್‌ಎಎಲ್ ರನ್‌ವೇಗೆ ಮುಂಚೆಯೇ ಗಾಲ್ಫ್ ಮೈದಾನಕ್ಕೆ ತಾಗಿ ಪುಟಿದು, ದಿಬ್ಬಕ್ಕೆ ಬಡಿದು ಹೊತ್ತಿಕೊಂಡಿತು. 92 ಜನ ಹೋದರು.

ಸರ್ಕಾರ ಎ320ಗಳನ್ನೆಲ್ಲ ತಿಂಗಳುಗಟ್ಟಲೆ ನಿಲ್ಲಿಸಿಬಿಟ್ಟಿತು. ತನಿಖೆ ಮಾಡಿದ್ದು ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಶಿವಶಂಕರ ಭಟ್ಟರು. ಪೈಲಟ್‌ಗಳು ವೇಗ ಬೀಳುತ್ತಿರುವುದನ್ನು ಸಮಯಕ್ಕೆ ಗಮನಿಸಲಿಲ್ಲ ಎಂಬುದೇ ಮುಖ್ಯ ತೀರ್ಮಾನ. ನನ್ನ ಕೇಳಿದರೆ ತಪ್ಪೆಲ್ಲ ಅವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಯಂತ್ರ ಈಗ ಯಾವ ಮೋಡ್‌ನಲ್ಲಿದೆ ಅನ್ನುವುದು ಕಣ್ಣಿಗೆ ಹೊಡೆಯುವಂತೆ ಕಾಣಬೇಕು ಅಲ್ವಾ? 1992ರಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ಬಳಿ ಎ320 ಒಂದು ಬೆಟ್ಟಕ್ಕೆ ಬಡಿದು 87 ಜನ ಸತ್ತಾಗಲೂ ಸಂಶಯ ಇಂಥದ್ದರ ಮೇಲೇ ಬಂತು. ಇಳಿಯುವ ಕೋನ 3.3 ಡಿಗ್ರಿ ಅಂತ ಹಾಕಿದ್ದನ್ನು ವಿಮಾನ ನಿಮಿಷಕ್ಕೆ 3,300 ಅಡಿ ಎಂದು ತೆಗೆದುಕೊಂಡಿರಬಹುದು. ಎರಡೂ ಒಂದೇ ಗುಂಡಿಯಲ್ಲಿ ಹಾಕುವಂಥವು, ಪರದೆಯಲ್ಲಿ ತೋರುತ್ತಿದ್ದದ್ದು ಒಂದರಲ್ಲಿ 3.3, ಇನ್ನೊಂದರಲ್ಲಿ 33. ಆಮೇಲೆ ಏರ್‌ಬಸ್ ಅದನ್ನು ನಾಲ್ಕು ಅಂಕಿಗೆ ಬದಲಿಸಿತು.

ನಂತರದ್ದು ಬಹುಪಾಲು ಒಳ್ಳೆಯ ಕಥೆ. ಎ321, ಎ319, ಎ318 ಅಂತ ಕುಟುಂಬ ಬೆಳೆಯಿತು. 2009ರಲ್ಲಿ ನ್ಯೂಯಾರ್ಕ್‌ನಲ್ಲಿ ಹಕ್ಕಿಗಳು ನುಗ್ಗಿ ಎರಡೂ ಎಂಜಿನ್ ಸತ್ತಾಗ ಹಡ್ಸನ್ ನದಿಯ ಮೇಲೆ ಇಳಿದು 155 ಜನರೂ ಬದುಕಿದ್ದು ಎ320ರಲ್ಲೇ. ಬೆಂಗಳೂರಿನ ಏರ್ ಡೆಕ್ಕನ್, ಕಿಂಗ್‌ಫಿಷರ್ ಎರಡೂ ಇದನ್ನೇ ಹಾರಿಸಿದವು. ಇಂಡಿಗೊ 2023ರಲ್ಲಿ ಒಂದೇ ಸಲಕ್ಕೆ ಈ ಕುಟುಂಬದ 500 ವಿಮಾನಗಳಿಗೆ ಆರ್ಡರ್ ಕೊಟ್ಟಿತು. 2016ರಿಂದ ಬಂದ, ಹೊಸ ಎಂಜಿನ್‌ಗಳ ನಿಯೋ ಮಾದರಿಯ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ಗಳು ಮಾತ್ರ ತುಂಬಾ ಕಾಡಿದವು. ಅದರಿಂದ ಜಾಸ್ತಿ ಆಗಿದ್ದು ವಿಮಾನಗಳು ರಿಪೇರಿಗೆ ಕಾದು ನಿಂತು ಕಂಪನಿಗಳಿಗಾದ ನಷ್ಟ. ಗೋ ಫಸ್ಟ್ ಎಂಬ ವಿಮಾನ ಕಂಪನಿ ದಿವಾಳಿ ಅರ್ಜಿ ಹಾಕುವಾಗ ಈ ಎಂಜಿನ್‌ಗಳನ್ನೇ ದೂರಿತು.

ಒಂದು ವಿಷಯ ಮೊದಲೇ ತಿಳಿದಿರಲಿ. ಹೊರಡುವ ಮುಂಚೆ ಎಂಜಿನ್ ಚಾಲೂ ಮಾಡುವಾಗ ಕಾಲಡಿಯಲ್ಲಿ ನಾಯಿ ಬೊಗಳಿದ ಹಾಗೆ 'ಗರ್‌ಗರ್' ಸದ್ದು ಕೇಳಿಸಬಹುದು, ರೆಕ್ಕೆಯ ಹತ್ತಿರ ಕೂತಿದ್ದರೆ ಜಾಸ್ತಿ. ಅದು ಕೆಟ್ಟ ಸದ್ದಲ್ಲ. ಎರಡು ಹೈಡ್ರಾಲಿಕ್ ವ್ಯವಸ್ಥೆಗಳ ಒತ್ತಡ ಸರಿತೂಗಿಸುವ ಪಿಟಿಯು ಎಂಬ ಪಂಪಿನದ್ದು. ಸುಮ್ನೆ ಗಾಬರಿಯಾಗಿ ಗಗನಸಖಿಯನ್ನು ಕರೆಯಬೇಡಿ.