ತೂಕ ಇಳಿಸುವ ಔಷಧಿ ಮತ್ತು ಮಿದುಳು: ಮರೆವಿಗೆ ಮದ್ದೇ, ಮಂಕಿಗೆ ಕಾರಣವೇ?

ಪ್ರಶ್ನೆ: ನನಗೆ 48 ವರ್ಷ, ಎತ್ತರ 165 ಸೆಂ.ಮೀ., ತೂಕ 94 ಕೆ.ಜಿ. ವೈದ್ಯರು ವಾರಕ್ಕೊಮ್ಮೆ ತೆಗೆದುಕೊಳ್ಳುವ ಸೆಮಾಗ್ಲುಟೈಡ್ ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ. ನಮ್ಮ ತಂದೆಗೆ ಆಲ್ಝೈಮರ್ಸ್ ಇತ್ತು. ಈ ಇಂಜೆಕ್ಷನ್ ಆ ಕಾಯಿಲೆಯನ್ನೂ ತಡೆಯುತ್ತದೆ ಎಂದು ಓದಿದೆ. ನಿಜವೇ?

ಮರೆವನ್ನು ತಡೆಯಲೆಂದೇ ಇದನ್ನು ಶುರುಮಾಡಬೇಡಿ. ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 34ರ ಮೇಲಿದೆ, ತೂಕಕ್ಕಾಗಿ ತೆಗೆದುಕೊಳ್ಳಲು ಅಷ್ಟೇ ಸಾಕಷ್ಟು ಕಾರಣ. ಮಿದುಳಿಗೆ ಆಗಬಹುದಾದ ಲಾಭ ಅದರ ಹಿಂದೆ ಬರುವಂಥದ್ದು, ಅದೂ ಬಳಸುದಾರಿಯಲ್ಲಿ.

ನೀವು ಓದಿದ ಸುದ್ದಿಗೆ ಆಧಾರವಿಲ್ಲದೆ ಇಲ್ಲ. ಮಧುಮೇಹಿಗಳಲ್ಲಿ ಇದೇ ಗುಂಪಿನ ಡುಲಾಗ್ಲುಟೈಡ್ ಔಷಧಿಯ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ನಡೆದ ಒಂದು ದೊಡ್ಡ ಪರೀಕ್ಷೆಯಲ್ಲಿ ಗ್ರಹಣಶಕ್ತಿ ಕುಸಿಯುವ ಪ್ರಮಾಣ ಸುಮಾರು 14% ಕಡಿಮೆ ಕಂಡಿತ್ತು. ಆದರೆ ಆ ಪರೀಕ್ಷೆ ನಡೆದದ್ದು ಹೃದಯದ ಕಾಯಿಲೆಗಾಗಿ, ಮಿದುಳಿನ ಲೆಕ್ಕ ಅದರ ಬದಿಯಲ್ಲಿ ಸಿಕ್ಕಿದ್ದು. ನೇರವಾಗಿ ಆಲ್ಝೈಮರ್ಸ್‌ಗೆಂದೇ ನಡೆದ ಪರೀಕ್ಷೆಗಳು ಇವೋಕ್ ಮತ್ತು ಇವೋಕ್ ಪ್ಲಸ್. ಕಾಯಿಲೆ ಆಗಷ್ಟೇ ಶುರುವಾಗಿದ್ದ, 55ರಿಂದ 85 ವರ್ಷದ ಸುಮಾರು 3,800 ಜನರಲ್ಲಿ ಕೆಲವರಿಗೆ ಎರಡು ವರ್ಷ ದಿನಕ್ಕೆ 14 ಮಿ.ಗ್ರಾಂ. ಸೆಮಾಗ್ಲುಟೈಡ್ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ ಕೊಡಲಾಯಿತು. 2025ರ ನವೆಂಬರ್‌ನಲ್ಲಿ ಫಲಿತಾಂಶ ಬಂತು: ಕಾಯಿಲೆಯ ವೇಗ ತಗ್ಗಲಿಲ್ಲ. ಪಾರ್ಕಿನ್ಸನ್ಸ್‌ನಲ್ಲೂ ಇದೇ ಗುಂಪಿನ ಎಕ್ಸೆನಟೈಡ್‌ನ 96 ವಾರಗಳ ಪರೀಕ್ಷೆ 2025ರಲ್ಲಿ ಹೀಗೆಯೇ ಮುಗಿಯಿತು.

ಇದಕ್ಕೊಂದು ಕಾರಣ ಔಷಧಿ ತಲುಪುವ ಜಾಗದಲ್ಲೇ ಇರಬಹುದು. ಹಸಿವನ್ನು ಅಳೆಯುವ ಹೈಪೋಥಲಾಮಸ್‌ನ ಕೆಳಭಾಗ, ವಾಕರಿಕೆ ಹುಟ್ಟಿಸುವ ಮಿದುಳ ಕಾಂಡದ ಒಂದು ಸಣ್ಣ ಕೇಂದ್ರ, ಇವೆರಡರಲ್ಲಿ ರಕ್ತ ಮತ್ತು ಮಿದುಳಿನ ನಡುವಿನ ತಡೆ ಸಡಿಲವಾಗಿದೆ. ಸೆಮಾಗ್ಲುಟೈಡ್ ಅಲ್ಲಿ ಸುಲಭವಾಗಿ ಇಳಿಯುತ್ತದೆ. ಅದಕ್ಕೇ ಸದಾ ತಿಂಡಿಯದೇ ಧ್ಯಾನವಿದ್ದವರಿಗೆ ಅದು ಥಟ್ಟನೆ ಕಡಿಮೆಯಾಗುವುದು, ಅದಕ್ಕೇ ವಾಂತಿಯೂ ಬರುವುದು. ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್‌ವರೆಗೆ ಹೋಗುವುದು ಅತ್ಯಲ್ಪ ಎಂದು ಪ್ರಾಣಿಗಳ ಮೇಲಿನ ಅಧ್ಯಯನಗಳು ತೋರಿಸಿವೆ.

ಹಾಗಾದರೆ ಲಾಭದ ದಾರಿ ಯಾವುದು? ರಕ್ತನಾಳ. ನಡುವಯಸ್ಸಿನ ಬೊಜ್ಜು, ಬಿಪಿ, ಮಧುಮೇಹ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಇವೆಲ್ಲ ಮುಂದೆ ಡಿಮೆನ್ಷಿಯಾ (ಮರೆಗುಳಿತನ) ತರುವ ಅಂಶಗಳೆಂದು ಗುರುತಿಸಲಾಗಿದೆ, ಮತ್ತು ಇವನ್ನು ನಾವು ಬದಲಿಸಬಹುದು. ಸೆಮಾಗ್ಲುಟೈಡ್ 2.4 ಮಿ.ಗ್ರಾಂ. ಡೋಸ್‌ನಲ್ಲಿ 68 ವಾರಕ್ಕೆ ಸರಾಸರಿ 15%ರಷ್ಟು ತೂಕ ಇಳಿಸುತ್ತದೆ. ಜೊತೆಗೆ ಬಿಪಿ, ಶುಗರ್ ಇಳಿಯುತ್ತವೆ, ಕುತ್ತಿಗೆಯ ಕೊಬ್ಬು ಕರಗಿ ನಿದ್ರೆಯಲ್ಲಿ ಉಸಿರು ಕಟ್ಟುವುದು ತಗ್ಗುತ್ತದೆ. ಆದ್ದರಿಂದ ನೀವು ನಿಗಾ ಇಡಬೇಕಾದದ್ದು ನೆನಪಿನ ಮೇಲಲ್ಲ. ಶುರುಮಾಡುವ ಮುನ್ನ ಮತ್ತು ಆರು ತಿಂಗಳ ನಂತರ ಬಿಪಿ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಎಲ್‌ಡಿಎಲ್ ನೋಡಿಸಿ. ಗೊರಕೆ ಜೋರಾಗಿದ್ದರೆ ನಿದ್ರಾ ಪರೀಕ್ಷೆ ಮಾಡಿಸಿ. ತಂದೆಯ ಕಾಯಿಲೆಯ ಭಯಕ್ಕೆ ನಿಮ್ಮ ಕೈಯಲ್ಲಿರುವ ಉತ್ತರ ಇದು. ಇನ್ನೊಂದು ಮಾತು: ಔಷಧಿ ನಿಲ್ಲಿಸಿದವರಲ್ಲಿ ಇಳಿದ ತೂಕದ ಸುಮಾರು ಮೂರನೇ ಎರಡು ಭಾಗ ವರ್ಷದೊಳಗೆ ಮರಳಿದೆ, ಬಿಪಿಯೂ ಅದರ ಹಿಂದೆಯೇ. ಆರು ತಿಂಗಳು ಹಾಕಿಸಿಕೊಂಡು ಬಿಡುವ ಲೆಕ್ಕಾಚಾರ ಬೇಡ.

ಪ್ರಶ್ನೆ: ಇಂಜೆಕ್ಷನ್ ಶುರುಮಾಡಿ ಎರಡೂವರೆ ತಿಂಗಳಾಯಿತು, ಈಗ 1 ಮಿ.ಗ್ರಾಂ. ಡೋಸ್. ತಲೆಗೆ ಮಂಕು ಕವಿದಂತಿದೆ, ಓದಿದ್ದು ತಲೆಗೆ ಹತ್ತುವುದಿಲ್ಲ, ಎದ್ದು ನಿಂತರೆ ತಲೆ ತಿರುಗುತ್ತದೆ. ಔಷಧಿ ಮಿದುಳನ್ನು ಹಾಳುಮಾಡಿತೇ?

ಮಿದುಳು ಹಾಳಾಗಿಲ್ಲ. ಬಹುಪಾಲು ಇಂಥ ಮಂಕು ಬರುವುದು ಔಷಧಿಯಿಂದಲ್ಲ, ಔಷಧಿ ತಿನ್ನಲು ಕುಡಿಯಲು ಬಿಡದಿರುವುದರಿಂದ. ಕಾರಣವನ್ನು ಒಂದೊಂದಾಗಿ ಹುಡುಕಬಹುದು.

ಮೊದಲು ನೀರು. ಹಸಿವಿನ ಜೊತೆಗೆ ಬಾಯಾರಿಕೆಯೂ ತಗ್ಗುತ್ತದೆ, ವಾಂತಿ ಭೇದಿ ಇದ್ದರೆ ಉಪ್ಪೂ ಹೋಗುತ್ತದೆ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲವೆಂದೇ ಅರ್ಥ. ಬಾಯಾರಿಕೆಗೆ ಕಾಯದೆ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕುಡಿಯಿರಿ. ಇನ್ನು ಎದ್ದಾಗ ತಲೆ ತಿರುಗುವುದರ ಬಗ್ಗೆ: ಐದು ನಿಮಿಷ ಮಲಗಿ ಬಿಪಿ ನೋಡಿ, ಎದ್ದು ನಿಂತು 1ನೇ ಹಾಗೂ 3ನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಇಲ್ಲವೇ ಕೆಳಗಿನದು 10, ಅಥವಾ ಅದಕ್ಕೂ ಹೆಚ್ಚು ಕುಸಿದರೆ ವೈದ್ಯರಿಗೆ ತೋರಿಸಿ. ತೂಕ ಇಳಿದ ಮೇಲೂ ಹಳೆಯ ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಹಳೆಯ ಡೋಸ್‌ನಲ್ಲೇ ಮುಂದುವರಿಯುವುದು ನಾವು ಪದೇ ಪದೇ ಕಾಣುವ ತಪ್ಪು. ಥೈರಾಯ್ಡ್ ಮಾತ್ರೆಯನ್ನೂ ತೂಕ ಇಳಿದಂತೆ ಮರುಹೊಂದಿಸಬೇಕಾಗಬಹುದು.

ಮಧುಮೇಹವಿದ್ದು ಇನ್ಸುಲಿನ್, ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಾಜೈಡ್ ತೆಗೆದುಕೊಳ್ಳುತ್ತಿದ್ದರೆ ಮಂಕು ಕವಿದ ಆ ಹೊತ್ತಿನಲ್ಲೇ ಶುಗರ್ ನೋಡಿ. 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು 15 ನಿಮಿಷಕ್ಕೆ ಮತ್ತೆ ನೋಡಿ. ಅದೇ ದಿನ ವೈದ್ಯರಿಗೆ ತಿಳಿಸಿ. ಇಳಿಯಬೇಕಾದದ್ದು ಆ ಔಷಧಿಗಳ ಡೋಸ್. ಮೆಟ್‌ಫಾರ್ಮಿನ್ ಬಹುಕಾಲದಿಂದ ಇದ್ದರೆ ಬಿ12 ಪರೀಕ್ಷೆ ಮಾಡಿಸಿ.

ನಂತರ ಊಟ. ಮೂರು ದಿನ ತಿಂದದ್ದನ್ನೆಲ್ಲ ಬರೆದಿಡಿ. ದಿನಕ್ಕೆ ಒಂದು ಊಟಕ್ಕೆ ಇಳಿದಿರುವುದು ಬರೆದಾಗಲೇ ಅನೇಕರಿಗೆ ಗೊತ್ತಾಗುವುದು. ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ಕೆ.ಜಿ.ಗೆ 1ರಿಂದ 1.2 ಗ್ರಾಂ ಪ್ರೊಟೀನ್ ಬೇಕು; ತೂಕ ತೀರ ಹೆಚ್ಚಿದ್ದವರಿಗೆ ಯಾವ ತೂಕ ಹಿಡಿದು ಲೆಕ್ಕ ಹಾಕಬೇಕೆಂದು ಆಹಾರತಜ್ಞರು ಹೇಳುತ್ತಾರೆ.

ಡೋಸ್ ವಿಷಯದಲ್ಲಿ ಅವಸರ ಬೇಡ. 0.25ರಿಂದ 0.5, 1, 1.7, ಕೊನೆಗೆ 2.4 ಮಿ.ಗ್ರಾಂ. ಎಂದು ನಾಲ್ಕು ವಾರಕ್ಕೊಂದು ಮೆಟ್ಟಿಲು ಏರಿಸುವುದು ಸಾಮಾನ್ಯ ಕ್ರಮ. ಇದು ಕಟ್ಟುಪಾಡಲ್ಲ. ಈ ಡೋಸ್‌ನಲ್ಲೇ ಇನ್ನೂ ನಾಲ್ಕು ವಾರ ನಿಲ್ಲಬಹುದೇ, ಹಿಂದಿನ ಮೆಟ್ಟಿಲಿಗೆ ಇಳಿಯಬಹುದೇ ಎಂದು ಕೇಳಿ. ಸೆಮಾಗ್ಲುಟೈಡ್ ಅರ್ಧಕ್ಕೆ ಇಳಿಯಲು ಒಂದು ವಾರ ಬೇಕು, ಪೂರ್ತಿ ಹೋಗಲು ಸುಮಾರು ಐದು ವಾರ. ಹಾಗಾಗಿ ಒಂದು ಡೋಸ್ ತಪ್ಪಿಸಿದ ಮಾತ್ರಕ್ಕೆ ಮರುದಿನ ತಲೆ ತಿಳಿಯಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ, ಕಾಯಲೇಬಾರದ ಒಂದು ಸ್ಥಿತಿಯಿದೆ. ಎರಡು ಮೂರು ವಾರ ವಾಂತಿ ನಿಲ್ಲದೆ, ಊಟ ಸೇರದೆ ಇದ್ದವರ ದೇಹದಲ್ಲಿ ಥಯಮಿನ್, ಅಂದರೆ ಬಿ1, ಬರಿದಾಗುತ್ತದೆ. ಆಗ ಬರುವುದು ವರ್ನಿಕೆ ಎನ್‌ಸೆಫಲೋಪತಿ. ಗೊಂದಲ, ನಡೆಯುವಾಗ ತೂರಾಟ, ಕಣ್ಣು ಅದುರುವುದು ಅಥವಾ ಒಂದು ಎರಡಾಗಿ ಕಾಣುವುದು ಅದರ ಲಕ್ಷಣಗಳು. ಮೂರೂ ಒಟ್ಟಿಗೆ ಕಾಣಿಸುವುದು ಕೆಲವರಲ್ಲಿ ಮಾತ್ರ, ಆದ್ದರಿಂದ ಒಂದು ಕಂಡರೂ ಸಾಕು, ತುರ್ತು ಚಿಕಿತ್ಸೆಗೆ ಹೋಗಿ. ಎಷ್ಟು ದಿನದಿಂದ ವಾಂತಿ, ಯಾವ ಇಂಜೆಕ್ಷನ್ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ. ಥಯಮಿನ್ ಕೊಡದೆ ಗ್ಲೂಕೋಸ್ ಡ್ರಿಪ್ ಮಾತ್ರ ಏರಿಸಿದರೆ ಅಳಿದುಳಿದ ಬಿ1 ಕೂಡ ಖರ್ಚಾಗಿ ಪರಿಸ್ಥಿತಿ ಬಿಗಡಾಯಿಸಬಹುದು. ತಡವಾದರೆ ನೆನಪಿನ ಶಕ್ತಿಗೆ ಶಾಶ್ವತ ಪೆಟ್ಟು ಬೀಳುತ್ತದೆ. ಅಪರೂಪದ ಸ್ಥಿತಿಯೇನೋ ಹೌದು, ಆದರೆ ಪೂರ್ತಿ ತಡೆಯಬಹುದಾದದ್ದು.

ಥಟ್ಟನೆ ಒಂದು ಕಣ್ಣಿನ ದೃಷ್ಟಿ ಮಸುಕಾದರೂ ಅಂದೇ ಕಣ್ಣಿನ ವೈದ್ಯರನ್ನು ಕಾಣಿ. ಸೆಮಾಗ್ಲುಟೈಡ್‌ನೊಂದಿಗೆ ಕಣ್ಣಿನ ನರಕ್ಕೆ ರಕ್ತ ಕಡಿಮೆಯಾಗುವ ತೊಂದರೆ ಅತಿ ವಿರಳವಾಗಿ ಬರುತ್ತದೆ.

ಪ್ರಶ್ನೆ: ನಮ್ಮ ಅಮ್ಮನಿಗೆ 74. ತೂಕ ಹೆಚ್ಚು, ಈಚೆಗೆ ಮರೆವೂ ಶುರುವಾಗಿದೆ. ಅವರಿಗೂ ಈ ಇಂಜೆಕ್ಷನ್ ಕೊಡಿಸಬಹುದೇ?

ಮೊದಲು ಮರೆವಿನ ತಪಾಸಣೆ, ಆಮೇಲೆ ತೂಕದ ಮಾತು. ನಡುವಯಸ್ಸಿನ ಬೊಜ್ಜು ಮಿದುಳಿಗೆ ಕೆಟ್ಟದ್ದು ನಿಜ, ಆದರೆ ಈ ವಯಸ್ಸಿಗೆ ಲೆಕ್ಕ ತಿರುಗುತ್ತದೆ: ಡಿಮೆನ್ಷಿಯಾ ಬರುವ ಕೆಲ ವರ್ಷ ಮುಂಚೆಯೇ ತೂಕ ತಾನಾಗಿ ಇಳಿಯತೊಡಗುವುದುಂಟು. ಔಷಧಿ ನಡೆಯುತ್ತಿದ್ದರೆ ಆ ಎಚ್ಚರಿಕೆಯ ಗಂಟೆ ಕೇಳಿಸುವುದೇ ಇಲ್ಲ. ಇಳಿಯುವ ತೂಕದಲ್ಲಿ ಸ್ನಾಯುವೂ ಸೇರಿರುತ್ತದೆ, ಸ್ನಾಯು ಸೋತರೆ ಬೀಳುತ್ತಾರೆ. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಅಮ್ಮನಿಗೆ 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಸ್ನಾಯುಬಲ ಆಗಲೇ ಕಡಿಮೆಯಿದೆ ಎಂದರ್ಥ. ಅಂಥವರಿಗೆ ವ್ಯಾಯಾಮವೇ ಮೊದಲ ಚಿಕಿತ್ಸೆ. ಮಧುಮೇಹ, ಹೃದಯದ ಕಾಯಿಲೆಗಾಗಿ ವೈದ್ಯರು ಬರೆದೇ ಬರೆದರೆ ಇಂಜೆಕ್ಷನ್ ಪೆನ್ ನಿಮ್ಮ ಬಳಿಯಿರಲಿ, ಹಾಕಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಹಾಕಿಸಿಕೊಂಡದ್ದು ಮರೆತು ಅದೇ ವಾರ ಇನ್ನೊಂದು ಹಾಕಿಕೊಂಡರೆ ದಿನಗಟ್ಟಲೆ ವಾಂತಿ.

ಪ್ರಶ್ನೆ: ನನಗೆ ಮೊದಲಿನಿಂದ ಖಿನ್ನತೆಯಿದೆ. ಈ ಔಷಧಿಗಳು ಮನಸ್ಸನ್ನು ಕೆಡಿಸುತ್ತವೆಯೇ?

ನಿಮ್ಮ ಆತಂಕಕ್ಕೆ ಇತಿಹಾಸವಿದೆ. ರಿಮೋನಬಂಟ್ ಎಂಬ ತೂಕ ಇಳಿಸುವ ಮಾತ್ರೆ ಯುರೋಪಿನಲ್ಲಿ 2006ರಲ್ಲಿ ಬಂದು, ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆಗಳಿಂದಾಗಿ 2008ರಲ್ಲಿ ಹಿಂದಕ್ಕೆ ಹೋಯಿತು. ಸೆಮಾಗ್ಲುಟೈಡ್ ಗುಂಪು ಬೇರೆಯದೇ ರೀತಿ ಕೆಲಸ ಮಾಡುತ್ತದೆ. 2024ರ ಏಪ್ರಿಲ್‌ನಲ್ಲಿ ಯುರೋಪಿನ ಔಷಧ ಸಂಸ್ಥೆ ಪರಿಶೀಲಿಸಿ, ಇವುಗಳಿಂದ ಆತ್ಮಹತ್ಯೆಯ ಯೋಚನೆ ಬರುತ್ತದೆ ಎನ್ನಲು ಪುರಾವೆಯಿಲ್ಲ ಎಂದಿತು. ಆದರೂ ತೀವ್ರ ಖಿನ್ನತೆಯವರನ್ನು ತೂಕದ ಪ್ರಮುಖ ಪರೀಕ್ಷೆಗಳಿಂದ ಹೊರಗಿಟ್ಟಿದ್ದರು. ಹಾಗಾಗಿ ನಿಮ್ಮ ಮನೋವೈದ್ಯರಿಗೆ ತಿಳಿಸಿಯೇ ಶುರುಮಾಡಿ. ಪಿಎಚ್‌ಕ್ಯು-9 ಎಂಬ ಖಿನ್ನತೆ ಅಳೆಯುವ ಪ್ರಶ್ನಾವಳಿಯನ್ನು ಮೊದಲೊಮ್ಮೆ, ಪ್ರತಿ ಡೋಸ್ ಏರಿದ ಮೇಲೊಮ್ಮೆ ತುಂಬಿ ಅಂಕ ಹೋಲಿಸಿ. ಸಾಯುವ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಆ ಕೂಡಲೇ ಮನೆಯವರಿಗೂ ವೈದ್ಯರಿಗೂ ಹೇಳಿ. ಖಿನ್ನತೆಯ ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಾದರೆ ಇನ್ನೂ ಎಚ್ಚರ: ವಾಂತಿಯಿಂದ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ನಡುಕ, ತೊದಲು, ಗೊಂದಲ ಕಂಡರೆ ಅದೇ ದಿನ ರಕ್ತಪರೀಕ್ಷೆ ಆಗಬೇಕು.

ಪ್ರಶ್ನೆ: ಇಂಜೆಕ್ಷನ್ ಬೇಡ, ಮಾತ್ರೆ ಸಾಕು ಎಂದರೆ ಮಿದುಳಿಗೆ ತೊಂದರೆ ಕಡಿಮೆಯೇ?

ಇಲ್ಲ, ಕೆಲವದರಲ್ಲಿ ಹೆಚ್ಚು. ತೂಕ ಇಳಿಸುವ ಮಾತ್ರೆಯಲ್ಲಿ ಫೆಂಟರ್ಮಿನ್ ಜೊತೆ ಸೇರಿ ಬರುವ ಟೋಪಿರಮೇಟ್ ನಿಜಕ್ಕೂ ಮಾತಿಗೆ ಪದ ಸಿಗದಂತೆ, ಗಮನ ನಿಲ್ಲದಂತೆ ಮಾಡುತ್ತದೆ. ಡೋಸ್ ಏರಿದಷ್ಟೂ ಇದು ಜಾಸ್ತಿ, ಇಳಿಸಿದರೆ ಸರಿಹೋಗುತ್ತದೆ. ಆದರೆ ದೊಡ್ಡ ಡೋಸ್ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಆದ್ದರಿಂದ ವೈದ್ಯರು ಹೇಳಿದಂತೆ ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತ ಕನಿಷ್ಠ ಒಂದು ವಾರದಲ್ಲಿ ಬಿಡಬೇಕು. ಗರ್ಭಿಣಿಯರಿಗೆ, ಗರ್ಭ ಧರಿಸಲು ಬಯಸುವವರಿಗೆ ಇದು ಕೂಡದು. ನಾಲ್ಟ್ರೆಕ್ಸೋನ್ ಮತ್ತು ಬ್ಯುಪ್ರೋಪಿಯಾನ್ ಸೇರಿದ ಮಾತ್ರೆ ಫಿಟ್ಸ್ ಇದ್ದವರಿಗೆ ಬೇಡವೇ ಬೇಡ. ಉಳಿದವರೂ ಅದನ್ನು ಹೆಚ್ಚು ಜಿಡ್ಡಿನ ಊಟದ ಜೊತೆ ನುಂಗಬಾರದು, ರಕ್ತಕ್ಕೆ ಸೇರುವ ಪ್ರಮಾಣ ಏರಿ ಫಿಟ್ಸ್‌ನ ಅಪಾಯವೂ ಏರುತ್ತದೆ. ಅದರ ಮಾತ್ರೆಯನ್ನು ಜಗಿಯುವುದು, ಪುಡಿಮಾಡುವುದೂ ಸಲ್ಲದು.