ಬೇಸಿಗೆ ರಜೆಯ ವಸತಿ ಶಿಬಿರದಲ್ಲಿ ಮಕ್ಕಳಿಗೆ ನಿಜವಾಗಿ ಏನು ಸಿಗುತ್ತದೆ?

ಪುಣೆಯಲ್ಲಿದ್ದೇವೆ, 9 ವರ್ಷದ ಮಗಳನ್ನು ಒಂದು ವಾರ ಕಳಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಕಳಿಸಿ.

ನಾವೂ ಪುಣೆಯ ಕೋಥ್ರೂಡಿನಲ್ಲಿದ್ದೇವೆ. ಕಳೆದ ಮೇ ಕೊನೆಯಲ್ಲಿ ಮಗ ಲೋಣಾವಳದ ಆಚೆ ರಾಜಮಾಚಿ ಕಡೆ ಐದು ರಾತ್ರಿ ಇದ್ದು ಬಂದ. ಮೊದಲ ರಾತ್ರಿ ಅತ್ತನಂತೆ. ಪಕ್ಕದ ಹಾಸಿಗೆಯ ಹುಡುಗ ತನ್ನ ಟಾರ್ಚ್ ಇವನ ಕೈಗೆ ಕೊಟ್ಟು ಮಲಗಿದನಂತೆ, ಅಷ್ಟಕ್ಕೇ ಸರಿಹೋಯಿತು. ಮನೆಗೆ ಬಂದ ಮೇಲೆ ಬರೀ ಮಿಂಚುಹುಳದ ಮಾತು. ಮಳೆಗಾಲಕ್ಕೆ ಮುಂಚೆ ಸಹ್ಯಾದ್ರಿಯ ಆ ಭಾಗದಲ್ಲಿ ಇಡೀ ಮರವೇ ಮಿನುಗುತ್ತದೆ. ಜೋಡಿ ಹುಡುಕಲು ಹುಳಗಳು ಹಾಗೆ ಬೆಳಕು ಬಿಡುತ್ತವೆ, ಟಾರ್ಚ್ ಹಾಕಿದರೆ ಅವಕ್ಕೆ ತೊಂದರೆ. ಇದನ್ನು ಅವನೇ ನನಗೆ ಹೇಳಿಕೊಟ್ಟ. ಪಾಠದಲ್ಲಿ ಓದಿದ್ದರೆ ಇಷ್ಟು ಮನಸ್ಸಿಗೆ ಹತ್ತುತ್ತಿರಲಿಲ್ಲ, ಅಲ್ವಾ?

ಉಳಿದದ್ದು ಸಣ್ಣಪುಟ್ಟದ್ದು. ತಟ್ಟೆ ತೊಳೆಯುವುದು, ಹಾಸಿಗೆ ಸುತ್ತಿಡುವುದು, ಪಿಠ್ಲ ಭಾಕ್ರಿ (ಕಡಲೆಹಿಟ್ಟಿನ ಗೊಜ್ಜು, ರೊಟ್ಟಿ) ಬಡಿಸಿದರೆ ಮುಖ ಸಿಂಡರಿಸದೆ ತಿನ್ನುವುದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆಡುವ ನಮ್ಮ ಮಕ್ಕಳಿಗೆ ಆಟದ ನಡುವೆ ಮರಾಠಿಯೂ ಸಲೀಸಾಗುತ್ತದೆ. ನನಗೆ ಇದೇ ಜಾಸ್ತಿ ಖುಷಿ ಕೊಟ್ಟದ್ದು.

ದುಡ್ಡು ಕಟ್ಟುವ ಮುಂಚೆ ಮೂರು ವಿಷಯ ವಿಚಾರಿಸಿ: ಒಬ್ಬ ದೊಡ್ಡವರಿಗೆ ಎಷ್ಟು ಮಕ್ಕಳು, ರಾತ್ರಿ ಹೆಣ್ಣುಮಕ್ಕಳ ಜೊತೆ ಯಾರಿರುತ್ತಾರೆ, ಹತ್ತಿರದ ಆಸ್ಪತ್ರೆ ಎಷ್ಟು ದೂರ. ಮಗಳು ಇದುವರೆಗೆ ನಿಮ್ಮನ್ನು ಬಿಟ್ಟು ಮಲಗಿಲ್ಲದಿದ್ದರೆ, ಮೊದಲು ಎರಡು ರಾತ್ರಿ ಅಜ್ಜಿ ಮನೆಯಲ್ಲಿ ಬಿಟ್ಟು ನೋಡಿ.